ಪಂಜರದೊಳಗಿನ ಕಿಣ್ವ: ತೂಕಕ್ಕಲ್ಲ, ಕೆಲಸಕ್ಕೆ ಬೆಲೆ

ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣದಲ್ಲಿ ಅನುಭವಿ ವ್ಯಾಪಾರಸ್ಥರು ಯಾರೂ ಕೇವಲ ತಕ್ಕಡಿಯನ್ನು ನಂಬಿ ಮಾಲು ಖರೀದಿಸುವುದಿಲ್ಲ. ಹತ್ತಿಯ ಅಂಡಿಗೆ ಬಿಚ್ಚಿದೊಡನೆ ಎಳೆಯ ಉದ್ದವನ್ನೂ ತೇವವನ್ನೂ ನೋಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ರಾಶಿಯಲ್ಲಿ ಕೈಯಾಡಿಸಿ ಬಣ್ಣವನ್ನು ಪರೀಕ್ಷಿಸುತ್ತಾರೆ. ಒಂದೇ ತೂಕದ ಎರಡು ಚೀಲಗಳಿಗೆ ಎರಡು ದರ ಕೂಗುವುದು ಇಲ್ಲಿ ನಿತ್ಯದ ಸಂಗತಿ. ತೂಕವೆಂಬುದು ಮಾಲಿನ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಅದರ ಗುಣವನ್ನಲ್ಲ ಎಂಬ ತತ್ವವನ್ನು ಈ ಪ್ರಾಂಗಣಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ.

ಆದರೆ ಇದೇ ಅವಳಿ ನಗರದ ಸಣ್ಣ ಉದ್ದಿಮೆದಾರರು ಒಂದು ವಸ್ತುವನ್ನು ಮಾತ್ರ ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿಯೇ ಕೊಳ್ಳುತ್ತಾರೆ, ಕಿಲೋ ಲೆಕ್ಕದಲ್ಲಿಯೇ ದಾಸ್ತಾನು ಪುಸ್ತಕದಲ್ಲಿ ಬರೆಯುತ್ತಾರೆ. ಅದು ಕಿಣ್ವ. ನೂಲಿಗೆ ಹಚ್ಚಿದ ಗಂಜಿಯನ್ನು ತೆಗೆಯಲು, ಬಟ್ಟೆಯ ಮೇಲಿನ ಜುಂಗು ತೆಗೆದು ನುಣುಪು ಮಾಡಲು, ಬ್ಲೀಚಿಂಗ್ ನಂತರ ಉಳಿದ ಪೆರಾಕ್ಸೈಡನ್ನು ನಿವಾರಿಸಲು, ಗಂಜಿಯಿಂದ ಗ್ಲೂಕೋಸ್ ತಯಾರಿಸಲು, ಹಣ್ಣಿನ ರಸವನ್ನು ತಿಳಿಗೊಳಿಸಲು ಕಿಣ್ವಗಳು ಬಳಕೆಯಾಗುತ್ತವೆ. ಈಗ ಈ ಕಿಣ್ವಗಳನ್ನು ಅತಿ ಸೂಕ್ಷ್ಮ ರಂಧ್ರಗಳುಳ್ಳ ಚೌಕಟ್ಟಿನೊಳಗೆ ಭದ್ರಪಡಿಸಿ, ಮತ್ತೆ ಮತ್ತೆ ಬಳಸಬಹುದೆಂಬ ಸಂಶೋಧನೆ ಜಗತ್ತಿನ ಗಮನ ಸೆಳೆದಿದೆ. ಇದು ಮಾರುಕಟ್ಟೆಗೆ ಬರುವ ದಿನ ದೂರವೇ ಇರಬಹುದು. ಆದರೆ ಆ ದಿನ ಬಂದಾಗಲೂ ಕಿಲೋ ಲೆಕ್ಕವೇ ಮುಂದುವರಿದರೆ ನಷ್ಟ ಅನುಭವಿಸುವವರು ಸಣ್ಣ ವ್ಯಾಪಾರಿ ಮತ್ತು ಸಣ್ಣ ತಯಾರಕರೇ. ಆದ್ದರಿಂದ ಈ ವಿಷಯವನ್ನು ಪ್ರಯೋಗಾಲಯದವರಿಗಷ್ಟೇ ಬಿಟ್ಟುಕೊಡುವುದು ಜಾಣತನವಲ್ಲ.

ಕಿಣ್ವದ ಬಲ, ಕಿಣ್ವದ ದೌರ್ಬಲ್ಯ

ಕಿಣ್ವವೆಂದರೆ ಜೀವಕೋಶಗಳು ತಯಾರಿಸುವ ಒಂದು ಬಗೆಯ ಪ್ರೋಟೀನು. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವುದು ಅದರ ಗುಣ. ಈ ಉದ್ಯಮ ಕರ್ನಾಟಕಕ್ಕೆ ಹೊಸದಲ್ಲ. ಇಂದು ಔಷಧಗಳಿಗೆ ಹೆಸರಾದ ಬೆಂಗಳೂರಿನ ಬಯೋಕಾನ್ ಸಂಸ್ಥೆ 1978ರಲ್ಲಿ ಆರಂಭವಾದದ್ದೇ ಕಿಣ್ವಗಳಿಂದ. ಪಪ್ಪಾಯಿಯ ಹಾಲಿನಿಂದ ತೆಗೆಯುವ ಪಪೈನ್ ಅದರ ಮೊದಲ ಉತ್ಪನ್ನಗಳಲ್ಲಿ ಒಂದು. 2007ರಲ್ಲಿ ಆ ಸಂಸ್ಥೆ ತನ್ನ ಕಿಣ್ವ ವ್ಯವಹಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ ಸುಮಾರು 11.5 ಕೋಟಿ ಡಾಲರಿಗೆ ಮಾರಿತು. ಹಣ್ಣಿನ ಹಾಲಿನಿಂದ ಆರಂಭವಾದ ವ್ಯವಹಾರಕ್ಕೆ ಮೂರು ದಶಕಗಳೊಳಗೆ ದೊರೆತ ಬೆಲೆ ಇದು.

ಕಿಣ್ವ ತಾನು ಖರ್ಚಾಗದಿದ್ದರೂ ಸುಲಭವಾಗಿ ಕೆಡುತ್ತದೆ. ಶಾಖ ಹೆಚ್ಚಾದರೆ, ಆಮ್ಲ ಅಥವಾ ಕ್ಷಾರ ಮಿತಿಮೀರಿದರೆ ಅದರ ಮಡಿಕೆಗಳು ಬಿಚ್ಚಿಕೊಂಡು ಕೆಲಸ ನಿಲ್ಲುತ್ತದೆ. ಇಷ್ಟಾದರೂ ಡಬ್ಬಿಯ ತೂಕದಲ್ಲಿ ಒಂದು ಗ್ರಾಮಿನಷ್ಟೂ ವ್ಯತ್ಯಾಸವಾಗುವುದಿಲ್ಲ. ಬೇಸಿಗೆಯಲ್ಲಿ ತಗಡಿನ ಚಾವಣಿಯ ಗೋದಾಮಿನಲ್ಲಿ ಎರಡು ತಿಂಗಳು ಇಟ್ಟ ಮಾಲು ನೋಡಲು ಮೊದಲಿನಂತೆಯೇ ಇರುತ್ತದೆ, ಸತ್ವ ಮಾತ್ರ ಕುಂದಿರುತ್ತದೆ. ಗಿರಾಕಿ ಬಂದು ಕೆಲಸ ಆಗಲಿಲ್ಲವೆಂದು ಹಣ ತಡೆಹಿಡಿದಾಗ ತಯಾರಕರು ಗೋದಾಮಿನತ್ತಲೂ, ಗೋದಾಮಿನವರು ಗಿರಾಕಿಯ ಬಾಯ್ಲರಿನತ್ತಲೂ ಬೆರಳು ತೋರಿಸುತ್ತಾರೆ. ನಡುವೆ ಸಿಕ್ಕವನು ವ್ಯಾಪಾರಿ.

ಎರಡನೆಯ ದೌರ್ಬಲ್ಯ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. ನೀರಿನಲ್ಲಿ ಕರಗಿಸಿ ಬಳಸಿದ ಕಿಣ್ವ ಕೆಲಸ ಮುಗಿದ ಮೇಲೆ ನೀರಿನೊಂದಿಗೆ ಮೋರಿಗೆ ಹೋಗುತ್ತದೆ. ಇನ್ನೂ ದುಡಿಯುವ ಶಕ್ತಿಯಿದ್ದ ಆಳನ್ನು ದಿನವೂ ಸಂಜೆ ಕೆಲಸದಿಂದ ತೆಗೆದುಹಾಕಿದಂತೆ ಇದು. ಈ ವ್ಯರ್ಥವನ್ನು ತಡೆಯಲು ಕಿಣ್ವವನ್ನು ಘನ ಆಧಾರದ ಮೇಲೆ ನೆಲೆಗೊಳಿಸುವ ಪದ್ಧತಿ ಬಂದಿತು. 1969ರಲ್ಲಿ ಜಪಾನಿನ ತನಾಬೆ ಸೆಯಾಕು ಕಂಪನಿ ಅಮೈನೋ ಆಮ್ಲಗಳ ತಯಾರಿಕೆಯಲ್ಲಿ ಇದನ್ನು ಕೈಗಾರಿಕಾ ಪ್ರಮಾಣದಲ್ಲಿ ಜಾರಿಗೆ ತಂದಿತು. ಮೆಕ್ಕೆಜೋಳದ ಗಂಜಿಯಿಂದ ಸಿಹಿ ಪಾಕ ತಯಾರಿಸುವ ಉದ್ಯಮವೂ, ಪೆನಿಸಿಲಿನ್ ಆಧಾರಿತ ಔಷಧಗಳ ಉದ್ಯಮವೂ ಇದನ್ನು ಅನುಸರಿಸಿದವು.

ಸೂಕ್ಷ್ಮ ಚೌಕಟ್ಟಿನ ರಕ್ಷಣೆ

2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಜಪಾನಿನ ಸುಸುಮು ಕಿತಾಗಾವಾ, ಆಸ್ಟ್ರೇಲಿಯಾದಲ್ಲಿ ದುಡಿದ ರಿಚರ್ಡ್ ರಾಬ್ಸನ್ ಮತ್ತು ಅಮೆರಿಕದ ಒಮರ್ ಯಾಗಿ ಅವರಿಗೆ ದೊರೆಯಿತು. ಲೋಹದ ಅಣುಗಳನ್ನು ಮೂಲೆಯ ಕಂಬಗಳಾಗಿಯೂ ಸಾವಯವ ಅಣುಗಳನ್ನು ತೊಲೆಗಳಾಗಿಯೂ ಜೋಡಿಸಿ, ಒಳಗೆಲ್ಲ ಖಾಲಿ ಕೋಣೆಗಳಿರುವ ಹರಳುಗಳನ್ನು ಕಟ್ಟುವ ವಿದ್ಯೆಯನ್ನು ಅವರು ಬೆಳೆಸಿದರು. ಇಂತಹ ಹರಳಿನ ಕೆಲವೇ ಗ್ರಾಮುಗಳ ಒಳಮೈಯನ್ನು ಹರವಿದರೆ ಒಂದು ಫುಟ್‌ಬಾಲ್ ಮೈದಾನದಷ್ಟಾಗುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕನ್ನಡಿಗರೇ ಆದ ಸಿ. ಎನ್. ಆರ್. ರಾವ್ ಅವರೂ ಅಲ್ಲಿನ ಇತರ ವಿಜ್ಞಾನಿಗಳೂ ಇಂತಹ ತೆರೆದ ಚೌಕಟ್ಟಿನ ವಸ್ತುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಕಿಣ್ವವನ್ನು ಈ ಚೌಕಟ್ಟಿನೊಳಗೆ ಇಡಲು ಎರಡು ದಾರಿಗಳಿವೆ. ದೊಡ್ಡ ಕೋಣೆಗಳ ಮನೆಯನ್ನು ಮೊದಲು ಕಟ್ಟಿ ಕಿಣ್ವವನ್ನು ಆಮೇಲೆ ಒಳಗೆ ಬಿಡುವುದು ಒಂದು. ಕಿಣ್ವವನ್ನು ನಡುವೆ ನಿಲ್ಲಿಸಿಕೊಂಡು ಅದರ ಸುತ್ತಲೇ ಗೋಡೆ ಎಬ್ಬಿಸುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಸತುವಿನಿಂದ ಕಟ್ಟುವ ಜ಼ಿಫ್-8 ಎಂಬ ಚೌಕಟ್ಟು ಪ್ರಸಿದ್ಧವಾಗಿದೆ. ಇದನ್ನು ಸಾಧಾರಣ ಉಷ್ಣತೆಯಲ್ಲಿ, ನೀರಿನಲ್ಲಿಯೇ ಬೆಳೆಸಬಹುದಾದ್ದರಿಂದ ಕಿಣ್ವಕ್ಕೆ ಹಾನಿ ಕಡಿಮೆ. 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹೀಗೆ ಭದ್ರಪಡಿಸಿದ ಪೆರಾಕ್ಸಿಡೇಸ್ ಕಿಣ್ವ ಕುದಿಯುವ ನೀರಿನ ಪರೀಕ್ಷೆಯ ನಂತರವೂ ತನ್ನ ಸಾಮರ್ಥ್ಯದ ಬಹುಪಾಲನ್ನು ಉಳಿಸಿಕೊಂಡದ್ದನ್ನು ಪ್ರಕಟಿಸಿದರು. ಅದೇ ವರ್ಷ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ರಾಹುಲ್ ಬ್ಯಾನರ್ಜಿ ಅವರ ತಂಡ, ಲೋಹವಿಲ್ಲದೆ ಕೇವಲ ಸಾವಯವ ಅಣುಗಳಿಂದ ಕಟ್ಟಿದ ಟೊಳ್ಳು ಗೋಲಗಳಲ್ಲಿ ಟ್ರಿಪ್ಸಿನ್ ಎಂಬ ಕಿಣ್ವವನ್ನು ನೆಲೆಗೊಳಿಸಿ ತೋರಿಸಿತು.

ಈ ಸಂಶೋಧನೆಗಳ ಸಾರಾಂಶ ವ್ಯಾಪಾರಸ್ಥರಿಗೆ ಎರಡೇ ಮಾತಿನಲ್ಲಿ ತಿಳಿಯುತ್ತದೆ. ಬೇಸಿಗೆಯ ಗೋದಾಮಿನಲ್ಲಿ ಸತ್ವ ಕುಂದದ ಕಿಣ್ವ ಸಾಧ್ಯವಾಗಬಹುದು. ಮೋರಿಗೆ ಹರಿದುಹೋಗದೆ ಮತ್ತೆ ಕೈಗೆ ಸಿಗುವ ಕಿಣ್ವವೂ ಸಾಧ್ಯವಾಗಬಹುದು.

ಬಾಗಿಲು ಚಿಕ್ಕದು

ಇಷ್ಟನ್ನು ಕೇಳಿ ಎಲ್ಲ ಕಿಣ್ವಗಳಿಗೂ ಪಂಜರ ಬೇಕೆಂದು ಹೊರಡುವುದು ಅಪಾಯಕರ. ಪಂಜರದ ಕಿಂಡಿ ಕಿಣ್ವವನ್ನು ಹೊರಗೆ ಬಿಡದಷ್ಟು ಚಿಕ್ಕದಾಗಿದ್ದರೆ ದೊಡ್ಡ ಕಚ್ಚಾವಸ್ತುವನ್ನು ಒಳಗೂ ಬಿಡುವುದಿಲ್ಲ. ಜ಼ಿಫ್-8ರ ಕಿಂಡಿಯ ಅಗಲ ಸುಮಾರು 0.34 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಸುಮಾರು ಮೂವತ್ತು ಲಕ್ಷದಲ್ಲಿ ಒಂದು ಪಾಲು. ಗಂಜಿಯ ಅಣುವಾಗಲಿ ಹತ್ತಿಯ ಎಳೆಯಾಗಲಿ ಇದರೊಳಗೆ ತೂರುವ ಮಾತೇ ಇಲ್ಲ. ಆದ್ದರಿಂದ ಗಂಜಿ ತೆಗೆಯುವ ಅಮೈಲೇಸ್, ಬಟ್ಟೆಯ ಜುಂಗು ಕತ್ತರಿಸುವ ಸೆಲ್ಯುಲೇಸ್, ಮೆಣಸಿನಕಾಯಿಯ ಕೋಶಭಿತ್ತಿಯನ್ನು ಸಡಿಲಿಸುವ ಕಿಣ್ವಗಳು ಇಂತಹ ಬಿಗಿ ಪಂಜರದಲ್ಲಿ ಕುಳಿತರೆ ಬೀಗ ಹಾಕಿದ ಅಂಗಡಿಯಲ್ಲಿ ಕುಳಿತ ವ್ಯಾಪಾರಿಯಂತೆಯೇ. ಮಾಲೂ ಇದೆ, ಕುಶಲತೆಯೂ ಇದೆ, ಗಿರಾಕಿ ಒಳಬರುವ ದಾರಿ ಇಲ್ಲ. ದೊಡ್ಡ ಕೋಣೆಗಳ ಚೌಕಟ್ಟುಗಳು ಬಂದಿವೆಯಾದರೂ ಘನರೂಪದ ಎಳೆ, ಸಿಪ್ಪೆಗಳಿಗೆ ಅವೂ ಉಪಯೋಗವಾಗುವುದಿಲ್ಲ.

ಹಾಗಾದರೆ ಯಾವ ಕೆಲಸಕ್ಕೆ ಇದು ಸಲ್ಲುತ್ತದೆ? ಕಚ್ಚಾವಸ್ತುವಿನ ಅಣು ಚಿಕ್ಕದಾಗಿರುವ ಕೆಲಸಕ್ಕೆ. ಹತ್ತಿ ಬಟ್ಟೆಯ ಸಂಸ್ಕರಣೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದಂತಹ ಉದಾಹರಣೆಯೊಂದಿದೆ. ಬಟ್ಟೆಯನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಬಿಳುಪುಗೊಳಿಸಿದ ನಂತರ ಉಳಿದ ಪೆರಾಕ್ಸೈಡ್ ಹೋಗದಿದ್ದರೆ ಮುಂದೆ ಹಾಕುವ ಬಣ್ಣ ಕೆಡುತ್ತದೆ. ಅದಕ್ಕಾಗಿ ಹಲವು ಬಾರಿ ತೊಳೆಯಬೇಕು, ಇಲ್ಲವೆ ಬೇರೆ ರಾಸಾಯನಿಕ ಸುರಿಯಬೇಕು. ಕ್ಯಾಟಲೇಸ್ ಎಂಬ ಕಿಣ್ವ ಈ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ನಿಸರ್ಗದ ಅತಿ ವೇಗದ ಕಿಣ್ವಗಳಲ್ಲಿ ಇದೂ ಒಂದು. ಪೆರಾಕ್ಸೈಡಿನ ಅಣು ನೀರಿನ ಅಣುವಿಗಿಂತ ತುಸುವೇ ದೊಡ್ಡದು, ಕಿಂಡಿಯಲ್ಲಿ ಸರಾಗವಾಗಿ ನುಸುಳುತ್ತದೆ. 2015ರಲ್ಲಿ ತೈವಾನ್ ಮತ್ತು ಅಮೆರಿಕದ ಸಂಶೋಧಕರು ಇದೇ ಕ್ಯಾಟಲೇಸನ್ನು ಜ಼ಿಫ್-90 ಎಂಬ ಚೌಕಟ್ಟಿನಲ್ಲಿ ಇರಿಸಿದರು. ಪ್ರೋಟೀನನ್ನು ತಿಂದುಹಾಕುವ ಇನ್ನೊಂದು ಕಿಣ್ವವನ್ನು ನೀರಿಗೆ ಬಿಟ್ಟಾಗ ಹೊರಗಿದ್ದ ಕ್ಯಾಟಲೇಸ್ ನಾಶವಾಯಿತು, ಒಳಗಿದ್ದದ್ದು ಕೆಲಸ ಮುಂದುವರಿಸಿತು. ಶತ್ರು ದೊಡ್ಡದಾದ್ದರಿಂದ ಹೊರಗುಳಿಯಿತು, ಚಿಕ್ಕದಾದ ಪೆರಾಕ್ಸೈಡ್ ಒಳಗೆ ಹೋಯಿತು.

ಬ್ಲೀಚಿಂಗ್ ಮತ್ತು ಬಣ್ಣಗಾರಿಕೆ ಹುಬ್ಬಳ್ಳಿಗೆ ದೂರದ ಸಂಗತಿಗಳಲ್ಲ. 1957ರಲ್ಲಿ ಸ್ಥಾಪನೆಯಾದ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜದ ಬಟ್ಟೆ ಬಿಳುಪು, ಬಣ್ಣಗಳನ್ನು ಪಡೆಯುತ್ತದೆ. ಅದರ ನೇಯ್ಗೆ ಬಾಗಲಕೋಟೆ ಜಿಲ್ಲೆಯದು. ಇಳಕಲ್, ರಬಕವಿ-ಬನಹಟ್ಟಿ, ಗುಳೇದಗುಡ್ಡ, ಬೆಟಗೇರಿಗಳ ನೇಕಾರಿಕೆಗೂ ಬಣ್ಣವೇ ಜೀವ. ನೀರಿನ ಅಭಾವ ಈ ಭಾಗದ ಯಾವ ಉದ್ದಿಮೆದಾರರಿಗೂ ವಿವರಿಸಬೇಕಾದ ವಿಷಯವಲ್ಲ. ಒಂದು ತೊಳೆತ ಉಳಿದರೂ ಅದು ಉಳಿತಾಯವೇ.

ಆದರೂ ಇಲ್ಲಿ ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ತೊಳೆತ ಉಳಿಯುವುದು ಕ್ಯಾಟಲೇಸಿನಿಂದ, ಪಂಜರದಿಂದಲ್ಲ. ಪಂಜರವಿಲ್ಲದ ಸಾಧಾರಣ ಕ್ಯಾಟಲೇಸ್ ಈಗಾಗಲೇ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಅಷ್ಟೇ ಅಲ್ಲ, 2000ರ ದಶಕದ ಆರಂಭದಲ್ಲಿಯೇ ಪೋರ್ಚುಗಲ್ ಮತ್ತು ಆಸ್ಟ್ರಿಯಾದ ಸಂಶೋಧಕರು ಅಗ್ಗದ ಅಲ್ಯೂಮಿನಾ ಕಾಳುಗಳ ಮೇಲೆ ಕ್ಯಾಟಲೇಸನ್ನು ಕೂರಿಸಿ, ಬ್ಲೀಚಿಂಗ್ ನೀರನ್ನು ಶುದ್ಧಗೊಳಿಸಿ ಮರುಬಳಸುವ ಪ್ರಯೋಗಗಳನ್ನು ನಡೆಸಿದ್ದರು. ಹೀಗಾಗಿ ಹೊಸ ಪಂಜರ ಸ್ಪರ್ಧಿಸಬೇಕಾದದ್ದು ಬರಿಗೈಯೊಂದಿಗಲ್ಲ, ಅಗ್ಗದ ಎರಡು ಹಳೆಯ ಪದ್ಧತಿಗಳೊಂದಿಗೆ. ಮಾರಾಟಗಾರರು ಕ್ಯಾಟಲೇಸಿನ ಪ್ರಯೋಜನವನ್ನೆಲ್ಲ ಪಂಜರದ ಖಾತೆಗೆ ಜಮಾ ಮಾಡಿ ತೋರಿಸಿದರೆ ಖರೀದಿದಾರರು ಆ ಜಮಾವನ್ನು ಒಪ್ಪಬಾರದು.

ಲೆಕ್ಕ ಏನು ಹೇಳುತ್ತದೆ

ಒಂದು ಕಾಲ್ಪನಿಕ ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಒಂದು ಕಿಲೋ ಸಾಧಾರಣ ಕಿಣ್ವಕ್ಕೆ 400 ರೂಪಾಯಿ, ಅದು ಒಂದೇ ಬಾರಿಗೆ 1,000 ಕಿಲೋ ಬಟ್ಟೆಗೆ ಸಾಕಾಗುತ್ತದೆ ಎಂದಿಟ್ಟುಕೊಳ್ಳೋಣ. ಪ್ರತಿ ಕಿಲೋ ಬಟ್ಟೆಗೆ ವೆಚ್ಚ 40 ಪೈಸೆ. ಪಂಜರದ ಕಿಣ್ವಕ್ಕೆ ಕಿಲೋಗೆ 12,000 ರೂಪಾಯಿ, ಅದೂ ಒಂದು ಬಾರಿಗೆ 1,000 ಕಿಲೋ ಬಟ್ಟೆಯ ಕೆಲಸ ಮಾಡುತ್ತದೆ, 30 ಬಾರಿ ಬಳಸಬಹುದು ಎಂಬುದು ಮಾರಾಟಗಾರರ ಭರವಸೆ. ಮೇಲ್ನೋಟಕ್ಕೆ 12,000ವನ್ನು 30,000 ಕಿಲೋಗೆ ಭಾಗಿಸಿದರೆ ಅದೇ 40 ಪೈಸೆ. 31ನೆಯ ಬಾರಿಯಿಂದ ಲಾಭವೆಂದು ತೋರುತ್ತದೆ.

ಆದರೆ ಪ್ರತಿ ಬಾರಿ ಸೋಸಿ ತೆಗೆಯುವಾಗ ಸ್ವಲ್ಪ ಪುಡಿ ಕಳೆದುಹೋಗುತ್ತದೆ, ಸ್ವಲ್ಪ ಸತ್ವ ಕುಂದುತ್ತದೆ. ಈ ನಷ್ಟ ಪ್ರತಿ ಬಾರಿ ಶೇಕಡಾ 3 ಮಾತ್ರ ಎಂದು ಹಿಡಿದರೂ 30 ಬಾರಿಯ ಬಳಕೆಯಿಂದ ದೊರೆಯುವ ಒಟ್ಟು ಕೆಲಸ ಕೇವಲ 20 ಬಾರಿಯಷ್ಟು. ಆಗ ವೆಚ್ಚ ಕಿಲೋಗೆ 60 ಪೈಸೆ, ಅಂದರೆ ಸಾಧಾರಣ ಕಿಣ್ವಕ್ಕಿಂತ ಒಂದೂವರೆ ಪಟ್ಟು. ನೂರು ಬಾರಿ ಬಳಸಿದರೂ ಒಟ್ಟು ಕೆಲಸ ಸುಮಾರು 32 ಬಾರಿಯಷ್ಟೇ ಆಗಿ ವೆಚ್ಚ 38 ಪೈಸೆಯ ಹತ್ತಿರ ನಿಲ್ಲುತ್ತದೆ. ಯಂತ್ರಗಳ ಮೇಲೆ ಇಳಿಕೆ ಮೌಲ್ಯ ಪದ್ಧತಿಯಲ್ಲಿ ಸವಕಳಿ ಬರೆಯುವವರಿಗೆ ಈ ಗಣಿತ ಚಿರಪರಿಚಿತ. ಇನ್ನೊಂದೆಡೆ ನಷ್ಟ ಶೇಕಡಾ 1ಕ್ಕೆ ಇಳಿದರೆ ನೂರು ಬಾರಿಯ ಬಳಕೆಯಿಂದ 63 ಬಾರಿಯಷ್ಟು ಕೆಲಸ ದೊರೆತು ವೆಚ್ಚ 19 ಪೈಸೆಗೆ ಬರುತ್ತದೆ. ಲಾಭ-ನಷ್ಟವನ್ನು ನಿರ್ಧರಿಸುವುದು ಎಷ್ಟು ಬಾರಿ ಬಳಸಬಹುದು ಎಂಬ ಘೋಷಣೆಯಲ್ಲ, ಪ್ರತಿ ಬಾರಿ ಎಷ್ಟು ಕಳೆಯುತ್ತದೆ ಎಂಬ ಚಿಕ್ಕ ಅಂಕಿ.

ಪಂಜರದೊಳಗಿನ ಕಿಣ್ವ ಹಲವು ಬಾರಿ ಹೊರಗಿನದಕ್ಕಿಂತ ನಿಧಾನವಾಗಿ ದುಡಿಯುತ್ತದೆ ಎಂಬುದನ್ನೂ ಮರೆಯಬಾರದು. ಕಚ್ಚಾವಸ್ತು ಕಿಂಡಿಯಿಂದ ಒಳಬಂದು, ತಯಾರಾದ ವಸ್ತು ಹೊರಹೋಗಲು ಸಮಯ ಹಿಡಿಯುತ್ತದೆ. ಕಿಲೋ ತೂಕದಲ್ಲಿ ಚೌಕಟ್ಟಿನ ಪಾಲೂ ಸೇರಿರುತ್ತದೆ. ಅಂದರೆ ಕಿಲೋ ಲೆಕ್ಕದಲ್ಲಿ ಕೊಂಡವರು ಹಕ್ಕಿಯ ಜೊತೆಗೆ ಪಂಜರದ ತೂಕಕ್ಕೂ ಹಣ ಕೊಟ್ಟಂತೆ. ಸತುವಿನ ಚೌಕಟ್ಟು ಆಮ್ಲದಲ್ಲಿ ಕರಗುತ್ತದೆ. ಬ್ಲೀಚಿಂಗ್ ದ್ರಾವಣದಲ್ಲಿ ಲೋಹವನ್ನು ಹಿಡಿದುಕೊಳ್ಳಲೆಂದೇ ಹಾಕುವ ರಾಸಾಯನಿಕಗಳು ಈ ಚೌಕಟ್ಟಿನ ಸತುವನ್ನೂ ಕಿತ್ತುಕೊಳ್ಳಬಲ್ಲವು. ಹಾಗಾದರೆ ಪಂಜರ ಮುರಿಯುವುದಲ್ಲದೆ ಸತು ತ್ಯಾಜ್ಯ ನೀರಿಗೆ ಸೇರಿ, ಆ ಹೊಣೆ ಕಾರ್ಖಾನೆಯ ಮಾಲೀಕರ ಮೇಲೆ ಬರುತ್ತದೆ.

ಲೆಕ್ಕಪತ್ರದಲ್ಲಿಯೂ ಎಚ್ಚರಿಕೆ ಅಗತ್ಯ. ದಾಸ್ತಾನನ್ನು ಖರೀದಿ ಬೆಲೆ ಅಥವಾ ಮಾರಿದರೆ ನಿವ್ವಳ ದೊರೆಯುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನಕ 2ರ ನಿಯಮ. ಸತ್ವ ಕುಂದಿದ ಕಿಣ್ವದ ಡಬ್ಬಿಗಳನ್ನು ಪೂರ್ಣ ಬೆಲೆಗೆ ತೋರಿಸಿ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿಯನ್ನು ಪಡೆಯುವುದು ತನಗೆ ತಾನೇ ಹಳ್ಳ ತೋಡಿಕೊಂಡಂತೆ. ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಬಳಕೆಯಾಗುವುದೆಂದು ಖಚಿತವಾದ ಪಂಜರ-ಕಿಣ್ವ ಲೆಕ್ಕಪತ್ರ ಮಾನಕ 10ರಂತೆ ಸ್ಥಿರಾಸ್ತಿಯ ಸಾಲಿಗೆ ಸೇರಬಹುದು. ಆದರೆ ಆಯುಷ್ಯಕ್ಕೆ ಪರೀಕ್ಷೆಯ ಆಧಾರವಿಲ್ಲದೆ ಮಾರಾಟಗಾರರ ಮಾತನ್ನೇ ನಂಬಿ ಹಾಗೆ ಬರೆದರೆ ಲಾಭ ಕಾಗದದ ಮೇಲಷ್ಟೇ ಉಳಿಯುತ್ತದೆ.

ಈಗ ಆಗಬೇಕಾದದ್ದು

ಇಷ್ಟೆಲ್ಲ ತೊಡಕುಗಳಿದ್ದ ಮೇಲೆ ಈ ವಿಷಯದ ಗೊಡವೆಯೇ ಬೇಡವೆನ್ನುವವರು ಇರಬಹುದು. ಅವರು ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿಯೂ ಮೊದಲು ಪ್ರಯೋಗದ ತಾಕಿನ ವಿಷಯವೇ ಆಗಿತ್ತು. ಮುಂದೆ ಉದ್ದ ಎಳೆಯ ಹತ್ತಿಯ ವ್ಯಾಪಾರಕ್ಕೆ ಅದು ಹೊಸ ದಿಕ್ಕನ್ನೇ ತೋರಿಸಿತು. ಚೌಕಟ್ಟಿನ ವಸ್ತುಗಳೂ ಪ್ರಯೋಗಾಲಯದ ಹೊಸ್ತಿಲು ದಾಟುತ್ತಿವೆ. ಇಂಗಾಲಾಮ್ಲವನ್ನು ಹಿಡಿದಿಡುವ ಉದ್ದೇಶಕ್ಕಾಗಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಇಂತಹ ವಸ್ತುವನ್ನು ವರ್ಷಕ್ಕೆ ನೂರಾರು ಟನ್ ಪ್ರಮಾಣದಲ್ಲಿ ತಯಾರಿಸಬಲ್ಲೆನೆಂದು 2023ರಲ್ಲಿ ಪ್ರಕಟಿಸಿತು. ಪ್ರಮಾಣ ಹೆಚ್ಚಿದಂತೆ ಬೆಲೆ ಇಳಿಯುವುದು ವ್ಯಾಪಾರದ ಸಹಜ ನಿಯಮ.

ಆದ್ದರಿಂದ ಖರೀದಿದಾರರು ಈಗಿನಿಂದಲೇ, ಸಾಧಾರಣ ಕಿಣ್ವಗಳಿಂದಲೇ, ಮೂರು ಷರತ್ತುಗಳನ್ನು ರೂಢಿಗೆ ತರುವುದು ಒಳಿತು. ಮೊದಲನೆಯದಾಗಿ, ಬಿಲ್ಲಿನಲ್ಲಿ ಕಿಲೋ ಜೊತೆಗೆ ಕಿಣ್ವದ ಕಾರ್ಯಶಕ್ತಿಯ ಯೂನಿಟ್ ನಮೂದಾಗಬೇಕು ಮತ್ತು ಅದನ್ನು ಯಾವ ಉಷ್ಣತೆ, ಯಾವ ಆಮ್ಲ-ಕ್ಷಾರ ಮಟ್ಟದಲ್ಲಿ ಅಳೆಯಲಾಗಿದೆ ಎಂಬುದೂ ಇರಬೇಕು. ಎರಡನೆಯದಾಗಿ, ಈ ಭಾಗದ ಬೇಸಿಗೆಯ ಗೋದಾಮಿನಲ್ಲಿ ಎಷ್ಟು ತಿಂಗಳಿಗೆ ಎಷ್ಟು ಶಕ್ತಿ ಉಳಿಯುತ್ತದೆ ಎಂಬ ಖಾತರಿಯನ್ನು ತಯಾರಕರು ಲಿಖಿತವಾಗಿ ನೀಡಬೇಕು. ಮೂರನೆಯದಾಗಿ, ಮರುಬಳಕೆಯ ಭರವಸೆ ಇದ್ದಲ್ಲಿ ಪ್ರತಿ ಬಾರಿಯ ನಷ್ಟದ ಅಂಕಿಯನ್ನೂ, ನೀರಿಗೆ ಸೇರುವ ಲೋಹದ ಪ್ರಮಾಣವನ್ನೂ ತಿಳಿಸಬೇಕು. ಪರೀಕ್ಷೆ ಮುಗಿಯುವವರೆಗೆ ಹಣದ ಒಂದು ಭಾಗವನ್ನು ಉಳಿಸಿಕೊಳ್ಳುವ ಕರಾರೂ ನ್ಯಾಯಸಮ್ಮತವೇ.

ಈ ಷರತ್ತುಗಳನ್ನು ಒಬ್ಬೊಬ್ಬರೇ ಮುಂದಿಟ್ಟರೆ ದೊಡ್ಡ ಕಂಪನಿಗಳು ಕಿವಿಗೊಡಲಾರವು. ವಾಣಿಜ್ಯೋದ್ಯಮ ಸಂಸ್ಥೆಯ ಮೂಲಕ ಸಾಮೂಹಿಕವಾಗಿ ಕೇಳಿದರೆ ಕೇಳಬೇಕಾಗುತ್ತದೆ. ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಅಮರಗೋಳದ ಒಂದು ಬದಿಗೆ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಇನ್ನೊಂದು ಬದಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಮತ್ತು 2016ರಲ್ಲಿ ಆರಂಭವಾದ ಐಐಟಿ ಇವೆ. ಕ್ಯಾಟಲೇಸಿನ ಶಕ್ತಿಯನ್ನು ಅಳೆಯಲು ಅಪಾರ ಬೆಲೆಯ ಯಂತ್ರಗಳೂ ಬೇಡ. ನಿಗದಿತ ಸಮಯದಲ್ಲಿ ಎಷ್ಟು ಪೆರಾಕ್ಸೈಡ್ ಒಡೆಯಿತು ಎಂಬುದನ್ನು ಪರ್ಮಾಂಗನೇಟ್ ದ್ರಾವಣದಿಂದ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿಯೂ ಕಂಡುಹಿಡಿಯಬಹುದು. ಸಂಸ್ಥೆಯು ಈ ವಿದ್ಯಾಸಂಸ್ಥೆಗಳೊಂದಿಗೆ ಮಾತುಕತೆ ನಡೆಸಿ, ಸದಸ್ಯರು ತಮ್ಮ ಮಾಲಿನ ಮಾದರಿಯನ್ನು ಅಲ್ಪ ಶುಲ್ಕಕ್ಕೆ ಪರೀಕ್ಷಿಸಿಕೊಳ್ಳುವ ವ್ಯವಸ್ಥೆಯನ್ನು ಮಾಡಬೇಕು. ಬಣ್ಣಗಾರಿಕೆಯ ಒಂದೆರಡು ಘಟಕಗಳು ಮುಂದೆ ಬಂದರೆ ಸಾಧಾರಣ ಕ್ಯಾಟಲೇಸ್, ಅಲ್ಯೂಮಿನಾ ಮೇಲಿನ ಕ್ಯಾಟಲೇಸ್, ಪಂಜರದ ಕ್ಯಾಟಲೇಸ್, ಈ ಮೂರನ್ನೂ ಅದೇ ನೀರಿನಲ್ಲಿ ಅಕ್ಕಪಕ್ಕ ಇಟ್ಟು ನೋಡುವುದೂ ಸಾಧ್ಯ. ಫಲಿತಾಂಶ ಏನೇ ಬರಲಿ, ಅದು ಸದಸ್ಯರ ಸ್ವಂತ ಅಂಕಿಯಾಗಿರುತ್ತದೆ.

ಹೊಸ ವಿದ್ಯೆಯನ್ನು ಕಂಡು ಬೆರಗಾಗುವುದೂ ಬೇಡ, ಬೆದರುವುದೂ ಬೇಡ. ಹತ್ತಿಯ ಅಂಡಿಗೆಯಿಂದ ಹಿಡಿ ಅರಳೆ ಹಿರಿದು ಎಳೆ ನೋಡುವ ಕೈ, ಕಿಣ್ವದ ಡಬ್ಬಿಯ ಮುಂದೆ ಮಾತ್ರ ಸುಮ್ಮನಾಗಬೇಕಾದ ಕಾರಣವಿಲ್ಲ. ಕಿಣ್ವ ಪಂಜರದೊಳಗಿರಲಿ, ಹೊರಗಿರಲಿ, ಅದರ ಬೆಲೆಯನ್ನು ಅದು ಮಾಡುವ ಕೆಲಸವೇ ನಿರ್ಧರಿಸಬೇಕು.